ಮಂಡಿ ಆಪರೇಷನ್ ಆಗಿ ಅವತ್ತೇ ಮನೆಗೆ ಬಂದ್ಮೇಲೆ: ಒಪಿಯಾಯ್ಡ್ ಇಲ್ದೆ ನೋವು ಸಂಭಾಳಿಸೋ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಆಪರೇಷನ್, ಸಂಜೆ ಹೊತ್ತಿಗೆ ಮನೆ. ಮಂಡಿ ಒಳಗೆ ಮೂಳೆಗಳ ಮಧ್ಯೆ ಮೆತ್ತೆ ಥರ ಇರೋ ಮೆನಿಸ್ಕಸ್ ಹರಿದಿತ್ತು, ಕೀಹೋಲ್‌ನಲ್ಲಿ ಎರಡು ಸಣ್ಣ ತೂತು ಮಾಡಿ ಕಿತ್ತೋಗಿದ್ದ ಭಾಗ ಕತ್ತರಿಸಿ ತೆಗೆದ್ರು. ರಾತ್ರಿ ಒಂಬತ್ತಕ್ಕೆ ನಾನು ಕಾಲು ಚಾಚ್ಕೊಂಡು ಆರಾಮಾಗಿ ಫೋನ್ ನೋಡ್ತಾ ಕೂತಿದ್ದೆ, ನೋವು ಅನ್ನೋದೇ ಇಲ್ಲ. ಅಕ್ಕ ಮಾತ್ರೆ, ನೀರು ತಂದಿಟ್ರೆ "ನೋವೇ ಇಲ್ವಲ್ಲಕ್ಕ, ಸುಮ್ನೆ ಯಾಕೆ ನುಂಗ್ಲಿ" ಅಂತ ಪಕ್ಕಕ್ಕೆ ಸರಿಸಿ ಮಲ್ಕೊಂಡೆ. ಎರಡೂವರೆಗೆ ಎಚ್ಚರ ಆಯ್ತು ನೋಡಿ, ಮಂಡಿ ಒಳಗೆ ಯಾರೋ ಸುತ್ತಿಗೆ ತಗೊಂಡು ಹೊಡೀತಾ ಇದಾರೆ ಅನ್ನೋ ಹಾಗೆ. ಆವಾಗ ಮಾತ್ರೆ ನುಂಗಿದೆ, ಅದು ಹಿಡಿಯೋಕೆ ಮುಕ್ಕಾಲು ಗಂಟೆ, ಪೂರ್ತಿ ತಹಬಂದಿಗೆ ಬರೋಕೆ ಬೆಳಗಾಯ್ತು. ಬೆಂಕಿ ಬಿದ್ಮೇಲೆ ಬಾವಿ ತೋಡೋದು ಅಂದ್ರೆ ಇದೇ.

ಆಗಿದ್ದೇನಂದ್ರೆ ಆಪರೇಷನ್ ಟೈಮಲ್ಲಿ ತೊಡೆ ಹತ್ರ ಕೊಟ್ಟಿದ್ದ ನರ್ವ್ ಬ್ಲಾಕ್, ಅಂದ್ರೆ ನರ ಮರಗಟ್ಟಿಸೋ ಇಂಜೆಕ್ಷನ್, ಅಷ್ಟೊತ್ತೂ ಕೆಲಸ ಮಾಡ್ತಾ ಇತ್ತು, ಅದು ಇಳೀತು, ಅದರ ಜಾಗದಲ್ಲಿ ಬೇರೆ ಏನೂ ಇರ್ಲಿಲ್ಲ. ಎರಡನೇ ದಿನದಿಂದ ಗಡಿಯಾರ ನೋಡ್ಕೊಂಡು ಮಾತ್ರೆ ತಗೊಂಡೆ, ಒಂದೇ ಒಂದು ಒಪಿಯಾಯ್ಡ್ ಮಾತ್ರೆ (ಮಾರ್ಫಿನ್ ಜಾತಿಯ ಜೋರು ನೋವಿನ ಮಾತ್ರೆ) ಇಲ್ದೆ ಪೂರ್ತಿ ಮುಗೀತು. ಅದನ್ನ ಹೇಗೆ ಮಾಡೋದು ಅಂತ ಬಿಡಿಸಿ ಬರೀತಿದೀನಿ.

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ. ಇಲ್ಲಿರೋ ಡೋಸ್‌ಗಳು ಕಿಡ್ನಿ ಲಿವರ್ ಎಲ್ಲ ಸರಿ ಇರೋ ದೊಡ್ಡವರಿಗೆ ಸಾಮಾನ್ಯವಾಗಿ ಹೇಳೋವು, ಮಕ್ಕಳಿಗೆ ಅಲ್ಲ. ನಿಮ್ಮ ಡಿಸ್ಚಾರ್ಜ್ ಶೀಟಲ್ಲಿ ಬೇರೆ ಇದ್ರೆ ಅದೇ ಫೈನಲ್. ಇನ್ನೊಂದು, ಇದು ಮುಖ್ಯವಾಗಿ ಆರ್ತ್ರೋಸ್ಕೋಪಿ (ಈ ಥರ ಕೀಹೋಲ್ ಆಪರೇಷನ್) ಮಾಡಿಸ್ಕೊಂಡವ್ರಿಗೆ, ಅಂದ್ರೆ ಮೆನಿಸ್ಕಸ್, ಲಿಗಮೆಂಟ್ (ಮೂಳೆಗೆ ಮೂಳೆ ಹಿಡಿದಿಡೋ ಪಟ್ಟಿ) ಥರದ್ದು. ಪೂರ್ತಿ ಮಂಡಿ ಬದಲಾಯಿಸೋ ಆಪರೇಷನ್ ಕೂಡ ಈಗ ಕೆಲವು ಕಡೆ ಅವತ್ತೇ ಮನೆಗೆ ಕಳಿಸ್ತಾರೆ, ಆದ್ರೆ ಅದರ ನೋವಿನ ಲೆಕ್ಕನೇ ಬೇರೆ.

ಒಪಿಯಾಯ್ಡ್ ಅಂದ್ರೆ ಯಾವ್ದು, ಬೇಡ ಅನ್ನೋದು ಯಾಕೆ

ಮಾರ್ಫಿನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್, ಕೋಡೀನ್ ಇವೆಲ್ಲ ಒಪಿಯಾಯ್ಡ್ ಅಂತ ತುಂಬ ಜನಕ್ಕೆ ಗೊತ್ತಿರತ್ತೆ. ಗೊತ್ತಿಲ್ದೇ ಇರೋದು ಟ್ರಮಡಾಲ್ ಮತ್ತೆ ಟಪೆಂಟಡಾಲ್. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿಸಿ ಒಂದೇ ಮಾತ್ರೆ ಮಾಡಿರ್ತಾರೆ, ನೋಡೋಕೆ ಮಾಮೂಲಿ ನೋವಿನ ಮಾತ್ರೆ ಥರನೇ ಇರತ್ತೆ. ಸ್ಟ್ರಿಪ್ ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ.

ಇವು ಕೆಟ್ಟ ಔಷಧಿ ಅಂತ ನಾನು ಹೇಳ್ತಿಲ್ಲ. ಆದ್ರೆ ವಾಂತಿ, ತಲೆಸುತ್ತು, ಮಲಬದ್ಧತೆ, ಮಂಪರು ಜೊತೆಗೆ ಬರತ್ತೆ, ಊರುಗೋಲು ಹಿಡ್ಕೊಂಡು ಒಂದೇ ಕಾಲಲ್ಲಿ ಬಾತ್‌ರೂಮಿಗೆ ಹೋಗೋವ್ರಿಗೆ ತಲೆಸುತ್ತು ಅಂದ್ರೆ ಏನು ಅಂತ ಯೋಚ್ನೆ ಮಾಡಿ. ಕೆಲವ್ರಿಗೆ ಚಟ ಆಗೋ ಅಪಾಯ ಬೇರೆ. ಸಣ್ಣ ಮಂಡಿ ಆಪರೇಷನ್‌ಗೆ ಅದು ಬೇಕೇ ಬೇಕು ಅಂತೇನಿಲ್ಲ ಅನ್ನೋದಕ್ಕೆ ಒಳ್ಳೆ ಆಧಾರ ಇದೆ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮಂಡಿ ಅಥವಾ ಭುಜದ ಆರ್ತ್ರೋಸ್ಕೋಪಿ ಆದ 200 ಜನರ ಮೇಲೆ ಒಂದು ಟ್ರಯಲ್ ಮಾಡಿದ್ರು, 2022ರಲ್ಲಿ ಪ್ರಕಟ ಆಯ್ತು. ಒಂದು ಗುಂಪಿಗೆ ಮಾಮೂಲಿಯಾಗಿ ಬರೆಯೋ ಒಪಿಯಾಯ್ಡ್, ಇನ್ನೊಂದು ಗುಂಪಿಗೆ ಉರಿಯೂತ ಇಳಿಸೋ ನ್ಯಾಪ್ರಾಕ್ಸೆನ್, ಪ್ಯಾರಾಸಿಟಮಾಲ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್, ತಡ್ಕೊಳ್ಳೋಕೆ ಆಗ್ದೇ ಇದ್ರೆ ಮಾತ್ರ ತಗೊಳ್ಳೋಕೆ ಕೆಲವೇ ಒಪಿಯಾಯ್ಡ್ ಮಾತ್ರೆ. ಎರಡನೇ ಗುಂಪಿನವ್ರು ಒಪಿಯಾಯ್ಡ್ ಬಳಸಿದ್ದು ತುಂಬಾನೇ ಕಮ್ಮಿ, ನೋವಿನ ಸ್ಕೋರಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇರ್ಲಿಲ್ಲ.

ಸ್ಟೆಪ್ 1: ಆಪರೇಷನ್‌ಗೆ ಮುಂಚೆನೇ ಕೂತು ಮಾತಾಡಿ

ಡಿಸ್ಚಾರ್ಜ್ ಟೈಮಲ್ಲಿ ನಿಮ್ಮ ತಲೆ ಇನ್ನೂ ಮಂಪರಲ್ಲಿರತ್ತೆ, ನರ್ಸ್ ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತೀರ, ಮನೆಗೆ ಬಂದ್ರೆ ಒಂದೂ ನೆನಪಿರಲ್ಲ. ಅದಕ್ಕೇ ಹಿಂದಿನ ವಿಸಿಟಲ್ಲೇ ಕೇಳಿಟ್ಕೊಳ್ಳಿ. ಅರಿವಳಿಕೆ ಯಾವ ಥರ ಕೊಡ್ತೀರ, ಬ್ಲಾಕ್ ಕೊಡ್ತೀರಾ, ಎಷ್ಟೊತ್ತು ಇರತ್ತೆ. ನಂಗೆ ಉರಿಯೂತ ಇಳಿಸೋ ನೋವಿನ ಮಾತ್ರೆ ಕೊಡಬಹುದಾ. ಮೆನಿಸ್ಕಸ್ ಹೊಲಿಗೆ ಹಾಕ್ತೀರೋ ಕತ್ತರಿಸ್ತೀರೋ. ಈ ಕೊನೇ ಪ್ರಶ್ನೆ ಯಾಕಂದ್ರೆ ಹೊಲಿಗೆ ಹಾಕಿದ್ರೆ, ಲಿಗಮೆಂಟ್ ಕೂರಿಸಿದ್ರೆ, ಕೆಲವು ಸರ್ಜನ್‌ಗಳು ಈ ಉರಿಯೂತದ ಮಾತ್ರೆ ಬೇಡ ಅಂತಾರೆ, ಇನ್ನು ಕೆಲವ್ರು ಸ್ವಲ್ಪ ದಿನ ಆದ್ರೆ ಪರವಾಗಿಲ್ಲ ಅಂತಾರೆ. ನಿಮ್ಮ ಮಂಡಿ ಒಳಗೆ ಕೈ ಇಟ್ಟವ್ರು ಏನಂತಾರೋ ಅದನ್ನ ಕೇಳಿ.

ಮತ್ತೆ ನೀವು ದಿನಾ ತಗೊಳ್ಳೋ ಮಾತ್ರೆ ಒಂದೂ ಬಿಡದೆ ಹೇಳ್ಬೇಕು. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೊಫೆನಾಕ್, ಸೆಲೆಕಾಕ್ಸಿಬ್ ಇವೆಲ್ಲ ಒಂದೇ ಜಾತಿ, ಎನ್‌ಎಸ್‌ಎಐಡಿ ಅಂತಾರೆ. ಇವು ಎಲ್ರಿಗೂ ಆಗ್ಬರಲ್ಲ. ಮುಂಚೆ ಅಲ್ಸರ್ ಅಥವಾ ಹೊಟ್ಟೇಲಿ ರಕ್ತಸ್ರಾವ ಆಗಿದ್ರೆ, ಕಿಡ್ನಿ ತೊಂದ್ರೆ ಇದ್ರೆ, ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹಾರ್ಟ್ ಫೇಲ್ಯೂರ್ ಇದ್ರೆ, ಆಸ್ಪಿರಿನ್ ತಗೊಂಡಾಗ ಉಬ್ಬಸ ಬರೋರಾದ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಬಸುರಿಯಾಗಿದ್ರೆ, ಸ್ವಂತ ಬುದ್ಧಿ ಓಡಿಸ್ಬೇಡಿ. 65 ದಾಟಿದವ್ರಿಗೂ ಅಷ್ಟೇ, ಡೋಸು ದಿನ ಎರಡೂ ಕಮ್ಮಿ ಇರ್ಬೇಕು.

ಬಿಪಿ ಮಾತ್ರೆ ವಿಷ್ಯ ಸಪರೇಟಾಗಿ ಹೇಳ್ಬೇಕು, ಯಾಕಂದ್ರೆ ಇದನ್ನ ಯಾರೂ ಹೇಳಲ್ಲ. ಕೊನೇಲಿ "ಪ್ರಿಲ್" ಅಥವಾ "ಸಾರ್ಟನ್" ಅಂತ ಬರೋ ಬಿಪಿ ಮಾತ್ರೆ, ಅದರ ಜೊತೆ ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ, ಅದರ ಮೇಲೆ ಐಬುಪ್ರೊಫೆನ್ ಥರದ್ದು. ಈ ಮೂರೂ ಒಟ್ಟಿಗೆ ಸೇರಿದ್ರೆ ಕಿಡ್ನಿಗೆ ಹೊಡೆತ ಬೀಳ್ಬಹುದು, ಅದ್ರಲ್ಲೂ ಆಪರೇಷನ್ ದಿನ ಉಪವಾಸ ಇದ್ದು ನೀರು ಸರಿಯಾಗಿ ಕುಡೀದೇ ಇದ್ದಾಗ. ಲಿಥಿಯಂ, ಮೆಥೊಟ್ರೆಕ್ಸೇಟ್, ಕೆಲವು ಡಿಪ್ರೆಶನ್ ಮಾತ್ರೆ ತಗೊಳ್ಳೋರೂ ಹೇಳ್ಲೇಬೇಕು.

ಮಾತ್ರೆ, ಐಸ್ ಪ್ಯಾಕ್, ಊರುಗೋಲು, ಎರಡು ಎಕ್ಸ್‌ಟ್ರಾ ದಿಂಬು, ಎಲ್ಲ ಹಿಂದಿನ ದಿನಾನೇ ಮನೇಲಿರ್ಲಿ.

ಸ್ಟೆಪ್ 2: ಎರಡು ಮಾತ್ರೆಗಳ ಲೆಕ್ಕ ಅರ್ಥ ಮಾಡ್ಕೊಳ್ಳಿ

ಪೂರ್ತಿ ಪ್ಲಾನ್ ನಿಂತಿರೋದು ಎರಡು ಕಂಬದ ಮೇಲೆ, ಪ್ಯಾರಾಸಿಟಮಾಲ್ ಮತ್ತೆ ಒಂದು, ಒಂದೇ ಒಂದು, ಎನ್‌ಎಸ್‌ಎಐಡಿ. ಐಬುಪ್ರೊಫೆನ್ ಥರದ್ದು ಗಾಯ ಆದ ಜಾಗದಲ್ಲೇ ಪ್ರೊಸ್ಟಗ್ಲಾಂಡಿನ್ ಅನ್ನೋ ಕೆಮಿಕಲ್ ಹುಟ್ಟೋದನ್ನ ತಡೆಯತ್ತೆ, ಊತ ನೋವು ಎರಡೂ ಕಮ್ಮಿ. ಪ್ಯಾರಾಸಿಟಮಾಲ್ ಊತಕ್ಕೆ ಅಷ್ಟೇನೂ ಮಾಡಲ್ಲ, ಅದರ ಕೆಲಸ ಹೆಚ್ಚಾಗಿ ಮೆದುಳಲ್ಲಿ. ದಾರಿ ಬೇರೆ ಬೇರೆ ಆಗಿರೋದ್ರಿಂದ ಎರಡೂ ಸೇರಿದಾಗ ಒಂದೊಂದೇ ಕೊಡೋದಕ್ಕಿಂತ ಜಾಸ್ತಿ ಆರಾಮ ಸಿಗತ್ತೆ, ಒಂದರ ಡೋಸ್ ಏರಿಸ್ತಾ ಹೋಗೋ ಅಗತ್ಯ ಬೀಳಲ್ಲ. "ಬರೀ ಪ್ಯಾರಾಸಿಟಮಾಲಾ, ಅದು ಜ್ವರದ ಮಾತ್ರೆ ಅಲ್ವಾ" ಅಂತ ಮೂಗು ಮುರಿಯೋರು ತುಂಬ ಜನ. ನಾನೂ ಮುರಿದಿದ್ದೆ. ಹೊತ್ತೊತ್ತಿಗೆ ತಪ್ಪದೇ ತಗೊಂಡಾಗಲೇ ಅದರ ಬೆಲೆ ಗೊತ್ತಾಗೋದು.

ಪ್ಯಾರಾಸಿಟಮಾಲ್: ಒಂದು ಸಲಕ್ಕೆ 1000 ಎಂಜಿವರೆಗೆ, ಎರಡು ಡೋಸ್ ಮಧ್ಯೆ 6ರಿಂದ 8 ಗಂಟೆ ಗ್ಯಾಪ್. 24 ಗಂಟೇಲಿ 4000 ಎಂಜಿ ಅನ್ನೋದು ಯಾವ ಕಾರಣಕ್ಕೂ ದಾಟಬಾರದ ಗೆರೆ, ಮನೇಲಿ ಕೆಲವು ದಿನ ತಗೊಳ್ಳೋವ್ರಿಗೆ 3000ದಲ್ಲೇ ಇರಿ ಅಂತ ತುಂಬ ಡಾಕ್ಟ್ರು ಹೇಳ್ತಾರೆ. ತೂಕ 50 ಕೆಜಿಗಿಂತ ಕಮ್ಮಿ ಇದ್ರೆ ಕೆಜಿಗೆ 15 ಎಂಜಿ ಲೆಕ್ಕ, ಅಂದ್ರೆ 45 ಕೆಜಿ ಇರೋರಿಗೆ ಒಂದು ಸಲಕ್ಕೆ 675 ದಾಟಬಾರದು. ದಿನಾ ಕುಡಿಯೋರಿಗೆ, ಲಿವರ್ ತೊಂದ್ರೆ ಇರೋರಿಗೆ ಇನ್ನೂ ಕಮ್ಮಿ, ಅದನ್ನ ಡಾಕ್ಟ್ರೇ ಹೇಳ್ಬೇಕು. ಇಲ್ಲಿ ಮಾಮೂಲಿಯಾಗಿ ಆಗೋ ಎಡವಟ್ಟು ಹೇಳ್ತೀನಿ ಕೇಳಿ, 500ರ ಮಾತ್ರೆ ಎರಡು ಅಂತ ಹೇಳಿರ್ತಾರೆ, ಮನೇಲಿರೋದು 650ರದ್ದು, ಎರಡು ನುಂಗ್ಬಿಡ್ತಾರೆ, 1300 ಆಯ್ತು, ನಾಲ್ಕು ಸಲ ಹಂಗೇ ಮಾಡಿದ್ರೆ 5200. ನೆಗಡಿ ಮಾತ್ರೇಲೂ ಪ್ಯಾರಾಸಿಟಮಾಲ್ ಇರತ್ತೆ, ಐಬುಪ್ರೊಫೆನ್ ಜೊತೆ ಸೇರಿರೋ ಕಾಂಬಿನೇಷನ್ ಮಾತ್ರೇಲೂ ಇರತ್ತೆ, ಎಲ್ಲ ಕೂಡಿಸ್ಬೇಕು. ಅಕಸ್ಮಾತ್ ಜಾಸ್ತಿ ಆಯ್ತು ಅಂತ ಗೊತ್ತಾದ್ರೆ "ಏನೂ ಆಗ್ತಿಲ್ವಲ್ಲ" ಅಂತ ಕಾಯ್ಬೇಡಿ. ಲಿವರ್‌ಗೆ ಆಗೋ ಪೆಟ್ಟು ಮೊದಲ ದಿನ ಗೊತ್ತೇ ಆಗಲ್ಲ, ಅದಕ್ಕಿರೋ ಪ್ರತಿವಿಷ ಬೇಗ ಕೊಟ್ಟಷ್ಟೂ ಒಳ್ಳೇದು, ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಎನ್‌ಎಸ್‌ಎಐಡಿ: ಐಬುಪ್ರೊಫೆನ್ ಆದ್ರೆ 400 ಎಂಜಿ, 8 ಗಂಟೆಗೊಂದು. ಡಾಕ್ಟ್ರು ಹೇಳದೇ ಸ್ವಂತಕ್ಕೆ ತಗೊಳ್ಳೋದಾದ್ರೆ ದಿನಕ್ಕೆ 1200 ಮೇಲೆ ಹೋಗ್ಬಾರದು, ಅವ್ರೇ ಬರೆದುಕೊಟ್ರೆ ಅದು ಬೇರೆ. ನ್ಯಾಪ್ರಾಕ್ಸೆನ್ ಆದ್ರೆ ದಿನಕ್ಕೆ ಎರಡೇ ಸಲ, 250ರಿಂದ 500 ಎಂಜಿ, ರಾತ್ರಿ ಎದ್ದು ತಗೊಳ್ಳೋ ಗೋಳಿಲ್ಲ. ಸೆಲೆಕಾಕ್ಸಿಬ್ ಹೊಟ್ಟೆಗೆ ಸ್ವಲ್ಪ ಸೌಮ್ಯ, ಆದ್ರೆ ಹಾರ್ಟ್, ಕಿಡ್ನಿ ಎಚ್ಚರಿಕೆ ಅದಕ್ಕೂ ಇದೆ, ಸಲ್ಫಾ ಅಲರ್ಜಿ ಇದ್ರೆ ಮೊದಲೇ ಹೇಳಿ. ಯಾವ್ದಾದ್ರೂ ಒಂದು ಮಾತ್ರ. ಎರಡು ಸೇರಿಸಿದ್ರೆ ನೋವು ಎರಡು ಪಟ್ಟು ಇಳಿಯಲ್ಲ, ಹೊಟ್ಟೆಗೆ ಕಿಡ್ನಿಗೆ ಬೀಳೋ ಪೆಟ್ಟು ಮಾತ್ರ ಜಾಸ್ತಿ. ಏನಾದ್ರೂ ತಿಂದೇ ತಗೊಳ್ಳಿ, ಹೊಟ್ಟೆ ಸೂಕ್ಷ್ಮ ಇದ್ರೆ ಒಮೆಪ್ರಜೋಲ್ ಥರದ ಗ್ಯಾಸ್ ಮಾತ್ರೆ ಜೊತೆಗೆ ಬರೆಸ್ಕೊಳ್ಳಿ. ನೋವಿಗೆ ಹಚ್ಚೋ ಡೈಕ್ಲೊಫೆನಾಕ್ ಜೆಲ್ಲೂ ಇದೇ ಜಾತಿದು, ಹೊಲಿಗೆ ಹತ್ರ ಅಂತೂ ಹಚ್ಚಲೇಬಾರದು.

ರಕ್ತ ಹೆಪ್ಪುಗಟ್ಟದೇ ಇರ್ಲಿ ಅಂತ ಕೆಲವ್ರಿಗೆ ಸಣ್ಣ ಡೋಸ್ ಆಸ್ಪಿರಿನ್ ಕೊಟ್ಟಿರ್ತಾರೆ. ಅದನ್ನ ನಿಲ್ಲಿಸ್ಬೇಡಿ. ಐಬುಪ್ರೊಫೆನ್ ಮೊದಲು ಹೋದ್ರೆ ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರತ್ತೆ, ಹಂಗಾಗಿ ಮೊದಲು ಆಸ್ಪಿರಿನ್, ಕಮ್ಮಿ ಅಂದ್ರೂ 30 ನಿಮಿಷ ಬಿಟ್ಟು ಐಬುಪ್ರೊಫೆನ್. ಕೋಟಿಂಗ್ ಇರೋ ಆಸ್ಪಿರಿನ್‌ಗೆ ಈ ಲೆಕ್ಕ ಹೊಂದಲ್ಲ, ಡಾಕ್ಟ್ರನ್ನ ಕೇಳಿ. ಎರಡೂ ಸೇರಿದ್ರೆ ಹೊಟ್ಟೇಲಿ ರಕ್ತಸ್ರಾವದ ಅಪಾಯ ಏರೋದ್ರಿಂದ ಈ ಜೋಡಿಗೆ ಡಾಕ್ಟ್ರ ಒಪ್ಪಿಗೆ ಬೇಕೇ ಬೇಕು.

ನರದ ನೋವಿಗೆ ಕೊಡೋ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಒಪಿಯಾಯ್ಡ್ ಅಲ್ಲ ನಿಜ, ಆದ್ರೆ ಮಂಪರು ಜೋರು, ಹಳೇ ಸ್ಟ್ರಿಪ್ ಮನೇಲಿದೆ ಅಂತ ನುಂಗ್ಬೇಡಿ. ಸುಜೆಟ್ರಿಜಿನ್ ಅಂತ ಹೊಸ ಥರದ ನೋವಿನ ಮಾತ್ರೆಗೆ ಅಮೆರಿಕಾದಲ್ಲಿ 2025ರ ಜನವರೀಲಿ ಒಪ್ಪಿಗೆ ಸಿಕ್ತು. ಅದರ ದೊಡ್ಡ ಟ್ರಯಲ್‌ಗಳು ನಡೆದಿದ್ದು ಕಾಲ್ಬೆರಳಿನ ಮೂಳೆ ಮತ್ತೆ ಹೊಟ್ಟೆ ಆಪರೇಷನ್ ಆದವ್ರ ಮೇಲೆ, ಮಂಡಿ ಮೇಲಲ್ಲ. ಅದಕ್ಕೆ ಕಾಯ್ತಾ ಕೂರೋದೇನೂ ಬೇಡ.

ಸ್ಟೆಪ್ 3: ಒಂದು ಹಾಳೆ, ಒಂದು ಪೆನ್ನು, ಫೋನಲ್ಲಿ ಅಲಾರಂ

ಅಲಾರಂ ಆಪ್‌ಗಿಂತ ಹಾಳೆ ಒಳ್ಳೇದು ಅಂತ ನಾನು ಹೇಳೋದು, ಯಾಕಂದ್ರೆ ನಿಮ್ಮನ್ನ ನೋಡ್ಕೊಳ್ಳೋರಿಗೂ ಕಾಣತ್ತೆ. ನಾನು ಮಂಚದ ಪಕ್ಕ ಗೋಡೆಗೆ ಅಂಟಿಸಿದ್ದೆ. ನಾಲ್ಕು ಕಾಲಂ ಸಾಕು: ಟೈಮು, ಮಾತ್ರೆ ಎಷ್ಟು ಎಂಜಿ, ನೋವು ಹತ್ತಕ್ಕೆ ಎಷ್ಟು, ಐಸ್ ಇಟ್ರಾ. ಮಧ್ಯರಾತ್ರಿ ನಿದ್ದೆಗಣ್ಣಲ್ಲಿ "ಆಗ್ಲೇ ತಗೊಂಡ್ನಾ ಇಲ್ವಾ" ಅನ್ನೋ ಡೌಟ್ ಬರತ್ತೆ, ಬಂದೇ ಬರತ್ತೆ, ಆವಾಗ ಹಾಳೆ ನೋಡಿ, ಅದ್ರಲ್ಲಿ ಗುರುತು ಹಾಕೋದು ಮಾತ್ರೆ ನುಂಗಿದ್ಮೇಲೆ ಮಾತ್ರ.

ಎರಡನೇ ದಿನ ನಾನು ಎರಡನ್ನೂ ಒಂದಾದ್ಮೇಲೆ ಒಂದರಂತೆ ಹಾಕ್ಕೊಂಡೆ, ಒಂದು ಇಳಿಯೋ ಹೊತ್ತಿಗೆ ಇನ್ನೊಂದು ಏರ್ತಾ ಇರತ್ತೆ:

ಬೆಳಗ್ಗೆ 6 – ಪ್ಯಾರಾಸಿಟಮಾಲ್ 1000
ಬೆಳಗ್ಗೆ 10 – ಐಬುಪ್ರೊಫೆನ್ 400, ತಿಂಡಿ ಆದ್ಮೇಲೆ
ಮಧ್ಯಾಹ್ನ 2 – ಪ್ಯಾರಾಸಿಟಮಾಲ್ 1000
ಸಂಜೆ 6 – ಐಬುಪ್ರೊಫೆನ್ 400, ಏನಾದ್ರೂ ತಿಂದು
ರಾತ್ರಿ 10 – ಪ್ಯಾರಾಸಿಟಮಾಲ್ 1000
ರಾತ್ರಿ 2 – ಐಬುಪ್ರೊಫೆನ್ 400, ಎರಡು ಬಿಸ್ಕೆಟ್ ಜೊತೆ

ಒಟ್ಟು ನೋಡಿದ್ರೆ ಪ್ಯಾರಾಸಿಟಮಾಲ್ 3000, ಐಬುಪ್ರೊಫೆನ್ 1200, ಎರಡೂ ಗೆರೆ ಒಳಗೇ ಇದೆ. ರಾತ್ರಿ 2ರ ಅಲಾರಂ ಹಿಂಸೆ ಅನ್ಸತ್ತೆ, ಆದ್ರೆ ನೋವಿಗೆ ಎದ್ದು ಕೂರೋದಕ್ಕಿಂತ ಅಲಾರಂಗೆ ಏಳೋದು ಮೇಲು, ನುಂಗಿ ಮತ್ತೆ ಮಲಗ್ಬಹುದು. ಮೂರನೇ ದಿನದಿಂದ ಎರಡನ್ನೂ ಒಟ್ಟಿಗೆ 6, 2, 10ಕ್ಕೆ ತಗೊಂಡೆ, ಅದೂ ತಪ್ಪಲ್ಲ, ನೆನಪಿಟ್ಕೊಳ್ಳೋಕೆ ಸುಲಭ. ಒಂದು ಡೋಸ್ ತಪ್ಪಿ ಹೋದ್ರೆ ನೆನಪಾದಾಗ ತಗೊಂಡು ಅಲ್ಲಿಂದ ಹೊಸದಾಗಿ ಗಂಟೆ ಎಣಿಸಿ, ಡಬಲ್ ಹಾಕ್ಬೇಡಿ.

ಸ್ಟೆಪ್ 4: ಮೊದಲ ರಾತ್ರಿ, ಬ್ಲಾಕ್ ಇಳಿಯೋ ಮುಂಚೆ

ಮಂಡಿ ಒಳಗೇ ಹಾಕೋ ಮರಗಟ್ಟೋ ಔಷಧಿ ಕೆಲವೇ ಗಂಟೆ ಇರತ್ತೆ. ಸ್ಪೈನಲ್ (ಬೆನ್ನಿಗೆ ಕೊಡೋ ಅರಿವಳಿಕೆ) ಆದ್ರೂ ಅಷ್ಟೇ, ಕೆಲವು ಗಂಟೆ. ತೊಡೆ ಹತ್ರದ ನರ್ವ್ ಬ್ಲಾಕ್ ಆದ್ರೆ ಸುಮಾರು 12ರಿಂದ 24 ಗಂಟೆ. ಸರಿಯಾಗಿ ಯಾವಾಗ ಅಂತ ಹೇಳೋಕಾಗಲ್ಲ, ಇಳಿಯೋಕೆ ಶುರುವಾದ್ರೆ ಮಾತ್ರ ಬೇಗ ಇಳಿಯತ್ತೆ, ಒಂದೆರಡು ಗಂಟೇಲಿ ಸೊನ್ನೆಯಿಂದ ಏಳೆಂಟಕ್ಕೆ ಹೋಗ್ಬಹುದು. ಹಂಗಾಗಿ ಮನೆಗೆ ಬಂದು ಏನಾದ್ರೂ ಹಗುರಾಗಿ ತಿಂದು, ವಾಂತಿ ಬರ್ತಿಲ್ಲ ಅಂತ ಖಾತ್ರಿ ಆದ್ಮೇಲೆ, ನೋವು ಸೊನ್ನೆ ಇದ್ರೂ ಮೊದಲ ಡೋಸ್ ಶುರು ಮಾಡಿ. ಒಂದು ಎಚ್ಚರಿಕೆ, ಆಸ್ಪತ್ರೇಲೇ ಡ್ರಿಪ್‌ನಲ್ಲಿ ಪ್ಯಾರಾಸಿಟಮಾಲ್ ಅಥವಾ ಡೈಕ್ಲೊಫೆನಾಕ್ ಥರದ್ದು ಕೊಟ್ಟಿರ್ತಾರೆ, ಎಷ್ಟೊತ್ತಿಗೆ ಕೊಟ್ರಿ ಅಂತ ಕೇಳಿ ಹಾಳೆ ಮೇಲೆ ಅದನ್ನೇ ಮೊದಲ ಎಂಟ್ರಿ ಮಾಡಿ, ಗಂಟೆ ಅಲ್ಲಿಂದ ಎಣಿಸಿ.

ಚುಳುಚುಳು, ಜುಮ್ಮು ಅನ್ನೋಕೆ ಶುರುವಾದ್ರೆ ಬ್ಲಾಕ್ ಇಳೀತಿದೆ ಅಂತ ಅರ್ಥ. ಅದು ಇರೋವರೆಗೂ ಆ ಕಾಲಿನ ಮೇಲೆ ನಂಬಿಕೆ ಇಡ್ಬೇಡಿ, ತೊಡೆ ಸ್ನಾಯು ಕೈಕೊಟ್ಟು ಮಂಡಿ ಮಡಚಿ ಬೀಳೋ ಸಾಧ್ಯತೆ ಇರತ್ತೆ, ಬಾತ್‌ರೂಮಿಗೆ ಹೋಗೋವಾಗ ಯಾರಾದ್ರೂ ಪಕ್ಕದಲ್ಲಿರ್ಲಿ.

ಸ್ಟೆಪ್ 5: ಐಸ್, ಎತ್ತರ, ಪಟ್ಟಿ

ಅರ್ಧ ನೋವು ಊತದ್ದೇ. ಕೀಲಿನ ಒಳಗೆ ನೀರು ತುಂಬಿ ಬಿಗಿ ಆಗತ್ತೆ, ಅದು ಬಿಗಿಯಾದಷ್ಟೂ ತೊಡೆ ಸ್ನಾಯು ಹೇಳಿದ ಮಾತು ಕೇಳಲ್ಲ.

ಐಸ್ 15ರಿಂದ 20 ನಿಮಿಷ, ಮಧ್ಯೆ ತೆಳು ಬಟ್ಟೆ, ಎಚ್ಚರ ಇರೋ ಹೊತ್ತಲ್ಲಿ ಒಂದೆರಡು ಗಂಟೆಗೊಮ್ಮೆ. ಚರ್ಮ ಇನ್ನೂ ಮರಗಟ್ಟಿರೋವಾಗ ಐಸ್ ಸುಡ್ತಿದ್ರೂ ನಿಮಗೆ ಗೊತ್ತಾಗಲ್ಲ, ಹಂಗಾಗಿ ಟೈಮರ್ ಇಟ್ಟು, ತೆಗೆದು, ಚರ್ಮದ ಬಣ್ಣ ನೋಡಿ. ಐಸ್ ಇಟ್ಕೊಂಡೇ ನಿದ್ದೆ ಹೋಗೋದು ಬೇಡವೇ ಬೇಡ. ಡ್ರೆಸಿಂಗ್ ಒದ್ದೆ ಆಗಬಾರದು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಡಿ.

ಇನ್ನು ದಿಂಬು. ಎಲ್ರೂ ಮಾಡೋ ತಪ್ಪಿದು, ನಾನೂ ಮಾಡ್ದೆ. ಮಂಡಿ ಕೆಳಗೆ ದಿಂಬು ಇಟ್ರೆ ಹಾಯ್ ಅನ್ಸತ್ತೆ, ಮಂಡಿ ಸ್ವಲ್ಪ ಮಡಚಿ ಕೂರತ್ತೆ, ಅಲ್ಲೇ ಗಟ್ಟಿ ಆಗ್ತಾ ಹೋಗತ್ತೆ, ಆಮೇಲೆ ಕಾಲು ನೇರ ಮಾಡೋಕೆ ಫಿಜಿಯೋ ಹತ್ರ ಕಣ್ಣೀರು ಹಾಕ್ಬೇಕು. ದಿಂಬು ಇಡೋದು ಹಿಮ್ಮಡಿ ಮತ್ತೆ ಮೀನಖಂಡದ ಕೆಳಗೆ, ಮಂಡಿ ಹಿಂಭಾಗ ಖಾಲಿ ಇರ್ಬೇಕು, ಪಾದ ಎದೆಗಿಂತ ಎತ್ತರ ಇರ್ಬೇಕು. ಕುರ್ಚೀಲಿ ಕೂತು ಮುಂದಿನ ಸ್ಟೂಲ್ ಮೇಲೆ ಕಾಲಿಡೋದು ಎತ್ತರ ಅಲ್ಲ, ಮಲಗಿದ್ರೇನೇ ಅದು ಲೆಕ್ಕಕ್ಕೆ ಬರೋದು.

ಪಟ್ಟಿ ಬಿಗಿ ಆಗಿ ಬೆರಳು ಜೋಮು ಹಿಡಿದ್ರೆ, ತಣ್ಣಗಾದ್ರೆ, ಹೊರಗಿನ ಎಲಾಸ್ಟಿಕ್ ಪಟ್ಟಿ ಸಡಿಲ ಮಾಡಿ ಆಸ್ಪತ್ರೆಗೆ ಫೋನ್ ಮಾಡಿ, ಒಳಗಿನ ಡ್ರೆಸಿಂಗ್ ಮುಟ್ಬೇಡಿ. ನಡೆಯೋವಾಗ ಮಂಡಿ ಒಳಗೆ ನೀರು ಕುಲುಕಿದ ಹಾಗೆ ಪಚಪಚ ಶಬ್ದ ಬಂದ್ರೆ ಗಾಬರಿ ಬೇಡ, ಆಪರೇಷನ್‌ಗೆ ಹಾಕಿದ ದ್ರವ ಸ್ವಲ್ಪ ಉಳಿದಿರತ್ತೆ, ಕೆಲವು ದಿನಕ್ಕೆ ಹೀರ್ಕೊಳ್ಳತ್ತೆ. ನೀಲಿ ಕಲೆ ಮಂಡಿಯಿಂದ ಮೀನಖಂಡ, ಪಾದದವರೆಗೆ ಇಳ್ಕೊಂಡು ಬರೋದೂ ಮಾಮೂಲಿ.

ಸ್ಟೆಪ್ 6: ಅಲ್ಲಾಡದೆ ಬಿದ್ಕೊಂಡಿದ್ರೆ ನೋವು ಕಮ್ಮಿ ಆಗಲ್ಲ

ಎಚ್ಚರ ಇದ್ದಾಗ ಗಂಟೆಗೊಂದ್ಸಲ ಪಾದ ಮೇಲೆ ಕೆಳಗೆ ಆಡಿಸಿ, ಹತ್ತಿಪ್ಪತ್ತು ಸಲ, ಕಾಲಲ್ಲಿ ರಕ್ತ ಓಡಾಡಲಿ, ಹೆಪ್ಪುಗಟ್ಟದೇ ಇರ್ಲಿ ಅಂತ. ಆಮೇಲೆ ಮಂಡಿ ಹಿಂಭಾಗ ಹಾಸಿಗೆಗೆ ಒತ್ತಿ ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡಿ, ಸರ್ಜನ್ ಬೇಡ ಅಂದಿಲ್ದೇ ಇದ್ರೆ. ಮೊದಲ ದಿನ ತೊಡೆ ಬಿಗಿನೇ ಆಗಲ್ಲ, ಮೆದುಳು ಹೇಳ್ತಾನೇ ಇರತ್ತೆ ಸ್ನಾಯು ಕೇಳಿಸ್ಕೊಳ್ಳಲ್ಲ, ವಿಚಿತ್ರ ಅನ್ಸತ್ತೆ, ಎರಡು ಮೂರು ದಿನಕ್ಕೆ ಬರತ್ತೆ.

ಫಿಜಿಯೋಗೆ ಹೋಗೋ ಮುಕ್ಕಾಲು ಗಂಟೆ ಮುಂಚೆ ನಿಮ್ಮ ಡೋಸ್ ಬೀಳೋ ಹಾಗೆ ಶೆಡ್ಯೂಲ್ ಹೊಂದಿಸ್ಕೊಳ್ಳಿ, ವಾಪಸ್ ಬಂದ ತಕ್ಷಣ ಐಸ್. ಮೆಟ್ಲು ಹತ್ತೋವಾಗ ಒಳ್ಳೆ ಕಾಲು ಮೊದಲು, ಇಳಿಯೋವಾಗ ಆಪರೇಷನ್ ಆದ ಕಾಲು ಮೊದಲು. ಎಷ್ಟು ಭಾರ ಹಾಕ್ಬಹುದು ಅನ್ನೋದು ಏನು ಆಪರೇಷನ್ ಅನ್ನೋದ್ರ ಮೇಲೆ, ಹೊಲಿಗೆ ಹಾಕಿದ ಮೆನಿಸ್ಕಸ್ ಆದ್ರೆ ವಾರಗಟ್ಟಲೆ ಊರುಗೋಲು ಇರ್ಬಹುದು. ಎರಡನೇ ದಿನ ಸ್ವಲ್ಪ ಚೆನ್ನಾಗಿದೆ ಅಂತ ಮನೆಯೆಲ್ಲ ಓಡಾಡಿದ್ರೆ ಸಂಜೆಗೆ ಮಂಡಿ ಕುಂಬಳಕಾಯಿ. ಮಾತ್ರೆ ನೋವನ್ನ ಮುಚ್ಚಿಟ್ಟಿದೆ, ಗಾಯ ಹಂಗೇ ಇದೆ.

ಸ್ಟೆಪ್ 7: ಎಲ್ಲ ಮಾಡಿದ್ರೂ ನೋವು ನುಗ್ಗಿ ಬಂದ್ರೆ

ನೋವು ಸೊನ್ನೆ ಆಗ್ಬೇಕು ಅಂತ ಹಠ ಬೇಡ. ಮಲಗೋಕೆ ಆಗ್ತಿದೆ, ಬಾತ್‌ರೂಮಿಗೆ ಹೋಗೋಕೆ ಆಗ್ತಿದೆ, ಎಕ್ಸರ್‌ಸೈಜ್ ಮಾಡೋಕೆ ಆಗ್ತಿದೆ ಅಂದ್ರೆ ಹತ್ತಕ್ಕೆ ಮೂರು ನಾಲ್ಕು ಇದ್ರೂ ಪ್ಲಾನ್ ಸರಿಯಾಗೇ ನಡೀತಿದೆ. ಆರು ಏಳು ಆಯ್ತು ಅಂದಾಗ ಮೊದಲು ಹಾಳೆ ನೋಡಿ, ಡೋಸ್ ಏನಾದ್ರೂ ತಪ್ಪಿದ್ಯಾ. ನನ್ನ ಲೆಕ್ಕದಲ್ಲಿ ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗತ್ತೆ. ಇಲ್ಲ ಅಂದ್ರೆ ಮಲಗಿ ಕಾಲು ಎತ್ತರಿಸಿ, ಐಸ್ ಇಟ್ಟು, ಪಟ್ಟಿ ಬಿಗಿ ಇದ್ಯಾ ನೋಡಿ, ಅರ್ಧ ಗಂಟೆ ಕೊಡಿ. ಆ ಅರ್ಧ ಗಂಟೇಲಿ ಸುಮ್ನೆ ಮಂಡಿನೇ ದಿಟ್ಟಿಸ್ಕೊಂಡು ಕೂರ್ಬೇಡಿ, ಯಾರ ಜೊತೆಗಾದ್ರೂ ಮಾತಾಡಿ, ಉಸಿರು ನಿಧಾನಕ್ಕೆ ಬಿಡಿ. ಅದಕ್ಕೂ ಜಗ್ಗದಿದ್ರೆ ಡಾಕ್ಟ್ರಿಗೆ ಫೋನ್. ಅವ್ರು ಡೋಸ್ ಏರಿಸ್ಬಹುದು, ಮಾತ್ರೆ ಬದಲಾಯಿಸ್ಬಹುದು, ಒಂದೆರಡು ದಿನಕ್ಕೆ ಸಣ್ಣ ಪ್ರಮಾಣದಲ್ಲಿ ಒಪಿಯಾಯ್ಡೇ ಬರೆದುಕೊಡ್ಬಹುದು. ತಗೊಂಡ್ರೆ ಸೋತ ಹಾಗೇನಲ್ಲ, ಲಿಗಮೆಂಟ್ ಕೂರಿಸಿದವ್ರಿಗೆ ಮೊದಲ ಎರಡು ಮೂರು ದಿನ ಬೇಕಾಗ್ಬಹುದು. ಪಕ್ಕದ ಮನೆಯವ್ರ ಹತ್ರ ಉಳಿದಿದ್ದ ಮಾತ್ರೆ ಇಸ್ಕೊಂಡು ನುಂಗೋದು ಮಾತ್ರ ಬೇಡ.

ಫೋನ್ ಮಾಡ್ಬೇಕಾದ್ದು, ಓಡಿ ಹೋಗ್ಬೇಕಾದ್ದು

ಒಂದೇ ಕಾಲಿನ ಮೀನಖಂಡ ಊದ್ಕೊಂಡು, ಮುಟ್ಟಿದ್ರೆ ನೋವು, ಬಿಸಿ, ಕೆಂಪು ಇದ್ರೆ ಹೆಪ್ಪುಗಟ್ಟಿರೋ ಅನುಮಾನ, ಅವತ್ತೇ ತೋರಿಸಿ. ಉಸಿರು ಸಿಗ್ತಿಲ್ಲ, ಎದೆ ನೋವು, ಕೆಮ್ಮಿದ್ರೆ ರಕ್ತ ಅಂದ್ರೆ ಫೋನ್ ಮಾಡ್ಕೊಂಡು ಕೂರ್ಬೇಡಿ, ನೇರ ಎಮರ್ಜೆನ್ಸಿ. ಕಾಲು ಕಲ್ಲಿನ ಥರ ಗಟ್ಟಿಯಾಗಿ, ಯಾವ ಮಾತ್ರೆಗೂ ಬಗ್ಗದೆ ನೋವು ಏರ್ತಾನೇ ಹೋಗಿ, ಬೇರೆಯವ್ರು ಕಾಲ್ಬೆರಳು ಎಳೆದ್ರೆ ಜೀವ ಹೋದಂಗಾದ್ರೆ, ಬೆರಳು ತಣ್ಣಗೆ ನೀಲಿ ಆದ್ರೆ, ಅದೂ ಎಮರ್ಜೆನ್ಸಿನೇ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ, ಅಂದ್ರೆ ಫ್ಯಾರನ್‌ಹೀಟಲ್ಲಿ 100.4, ಗಾಯದಿಂದ ಕೀವು ಬಂದ್ರೆ, ಕಮ್ಮಿ ಆಗ್ತಾ ಇದ್ದ ನೋವು ಇದ್ದಕ್ಕಿದ್ದಂಗೆ ಮತ್ತೆ ಜಾಸ್ತಿ ಆದ್ರೆ ಡಾಕ್ಟ್ರಿಗೆ ತಿಳಿಸಿ. ನೀವು ತಗೋತಿರೋ ಎರಡೂ ಮಾತ್ರೆ ಜ್ವರ ಇಳಿಸೋವೇ, ಒಳಗೆ ಸೋಂಕಿದ್ರೂ ಥರ್ಮಾಮೀಟರಲ್ಲಿ ಕಾಣದೇ ಇರ್ಬಹುದು, ಹಂಗಾಗಿ ಡೋಸ್ ತಗೊಳ್ಳೋ ಮುಂಚೆ ಟೆಂಪರೇಚರ್ ನೋಡಿ, ಗಾಯನೂ ನೋಡಿ. ಮಲ ಟಾರಿನ ಹಾಗೆ ಕಪ್ಪಾದ್ರೆ, ವಾಂತೀಲಿ ರಕ್ತ ಕಂಡ್ರೆ, ಮೂತ್ರ ತುಂಬ ಕಮ್ಮಿ ಆದ್ರೆ, ಮುಖ ತುಟಿ ಊದಿದ್ರೆ, ಕಣ್ಣು ಹಳದಿ ಆದ್ರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಸ್ಟೆಪ್ 8: ಬಿಡೋದು ಹೇಗೆ

ಮೊದಲ ಮೂರು ದಿನ ಗಡಿಯಾರ ಹೇಳಿದ ಹಾಗೆ. ನೋವಿನ ತುದಿ ಇರೋದು ಅಲ್ಲೇ, ಅದ್ರಲ್ಲೂ ಎರಡನೇ ದಿನ ಮೊದಲ ದಿನಕ್ಕಿಂತ ಜಾಸ್ತಿ ಅನ್ಸತ್ತೆ, ಯಾಕಂದ್ರೆ ಅರಿವಳಿಕೆ ಪೂರ್ತಿ ಇಳಿದಿರತ್ತೆ. ನಾಲ್ಕನೇ ದಿನದಿಂದ ಐಬುಪ್ರೊಫೆನ್ ಕಮ್ಮಿ ಮಾಡ್ತಾ ಬನ್ನಿ. ನಾನು ಮೊದಲು ಮಧ್ಯಾಹ್ನದ್ದು ಬಿಟ್ಟೆ, ಆಮೇಲೆ ಬೆಳಗಿಂದು, ರಾತ್ರಿದು ಕೊನೆಗೆ. ಮೊದಲು ಅದನ್ನೇ ಬಿಡೋದ್ಯಾಕಂದ್ರೆ ದಿನ ಹೆಚ್ಚಾದಷ್ಟೂ ಹೊಟ್ಟೆ, ಕಿಡ್ನಿ ಮೇಲೆ ಭಾರ ಬೀಳೋದು ಅದರಿಂದ್ಲೇ. ಅದಾದ್ಮೇಲೆ ಪ್ಯಾರಾಸಿಟಮಾಲ್ ಬೇಕು ಅನ್ಸಿದಾಗ, ಅದ್ರಲ್ಲೂ ಫಿಜಿಯೋ ಮುಂಚೆ, ರಾತ್ರಿ ಮಲಗೋ ಮುಂಚೆ. ಮೆನಿಸ್ಕಸ್ ಕತ್ತರಿಸಿದವ್ರಿಗೆ ಸಾಮಾನ್ಯವಾಗಿ ಒಂದು ವಾರ ಹತ್ತು ದಿನದಲ್ಲಿ ಮುಗೀತದೆ, ಲಿಗಮೆಂಟ್ ಆದ್ರೆ ಇನ್ನೂ ಎಳೀತದೆ. ಏಳು ದಿನ ಆದ್ಮೇಲೂ ಎರಡೂ ಮಾತ್ರೆ ಪೂರ್ತಿ ಡೋಸಲ್ಲಿ ಬೇಕಾಗ್ತಿದೆ ಅಂದ್ರೆ ಮುಂದುವರೆಸೋ ಮುಂಚೆ ಡಾಕ್ಟ್ರನ್ನ ಕೇಳಿ.

ಫಾಲೋಅಪ್‌ಗೆ ಹೋಗೋವಾಗ ಗೋಡೆ ಮೇಲಿನ ಹಾಳೆ ಕಿತ್ಕೊಂಡು ಹೋಗಿ. ನಾನು ಫೋಟೋ ತೋರಿಸೋಣ ಅಂದ್ಕೊಂಡಿದ್ದೆ, ಅಕ್ಕ ಹಾಳೆನೇ ಮಡಚಿ ಬ್ಯಾಗಿಗೆ ಹಾಕಿದ್ಲು. ಡಾಕ್ಟ್ರು ಅದರ ಮೇಲೆ ಬೆರಳಿಟ್ಟು ಮೊದಲು ಕೇಳಿದ್ದೇ "ಇಲ್ಲೇನಾಯ್ತು" ಅಂತ, ಮೊದಲ ರಾತ್ರಿ ಒಂಬತ್ತರಿಂದ ಎರಡೂವರೆವರೆಗೆ ಖಾಲಿ ಇತ್ತಲ್ಲ, ಅಲ್ಲಿಗೆ.